ಕೈ ಎಚ್ಚರಾಗುವ ಮೊದಲು

ಗಜೇಂದ್ರಗಡ
೧೨ ಜನವರಿ ೨೦೦೪

ನರಗುಂದದ ಅಂದಾನಪ್ಪ ಮಾಸ್ತರರಿಗೆ ಗಾದಿ ಗೌಸುಸಾಬನ ಸಲಾಮು.

ಗುರುತು ಸಿಕ್ಕಿತೋ ಇಲ್ಲವೋ. ಹೋದ ವಾರ ಹುಬ್ಬಳ್ಳಿ ದವಾಖಾನೆಯಲ್ಲಿ ಎಲುಬಿನ ಡಾಕ್ಟರ ಬಾಗಿಲ ಮುಂದೆ ಒಂದೇ ಬಾಕಿನ ಮೇಲೆ ಕೂತಿದ್ದೆವು. ನೀವು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಿರಿ, ನಾನು ಬಲಗೈಯನ್ನು ಎಡಗೈಯಲ್ಲಿ. ನಿಮ್ಮ ಮನೆಯವರು ನೀಲವ್ವನವರು ನಮ್ಮಿಬ್ಬರನ್ನೂ ನೋಡಿ, "ಇಬ್ಬರನ್ನೂ ಕೂಡಿಸಿದರ ಒಬ್ಬ ಪೂರಾ ಗಂಡಸು ಆಗತಾನ ನೋಡ್ರಿ" ಎಂದು ನಕ್ಕಿದ್ದರು. ಆ ಎರಡನೆಯ ಅರ್ಧ ನಾನು.

ಡಾಕ್ಟರು ನಮ್ಮಿಬ್ಬರಿಗೂ ಒಂದೇ ಮಾತು ಹೇಳಿದ್ದಾರೆ. ಭುಜದ ಕೀಲು ಕೆಟ್ಟುಹೋಗಿದೆ, ತೆಗೆದು ಲೋಹದ ಹೊಸ ಕೀಲು ಕೂಡಿಸಬೇಕು. ನಿಮ್ಮದು ಯಾವಗಲ್ಲ ಊರಿನಲ್ಲಿ ಟ್ರ್ಯಾಕ್ಟರಿನಿಂದ ಬಿದ್ದು ಕೆಟ್ಟಿತು. ನನ್ನದು ಹುಡುಗನಿದ್ದಾಗಿನಿಂದ ಅರಳೆ ಹಿಂಜುವ ಬಿಲ್ಲು ಬಡಿದು ಬಡಿದು ಸವೆಯಿತು. ಈಗ ಯಂತ್ರ ಬಂದಿದೆ, ಆದರೆ ಭುಜ ಹೋದ ಮೇಲೆ ಬಂದಿದೆ.

ನೀವು ಇದೇ ತಿಂಗಳು ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದಿರಿ. ನನಗೆ ಧೈರ್ಯವಿಲ್ಲ ಮಾಸ್ತರ. ಕೊಯ್ಯುವುದಕ್ಕೆ ಹೆದರುವುದಿಲ್ಲ, ಆಗ ಮೈಮೇಲೆ ಖಬರೇ ಇರುವುದಿಲ್ಲ. ಹೆದರಿಕೆ ಆಮೇಲಿನ ನೋವಿನದು. ನಮ್ಮಣ್ಣ ತೊಡೆಯ ಎಲುಬಿನ ಆಪರೇಷನ್ ಆದ ಮೇಲೆ ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಮಾಡಿಸಿಕೊಳ್ಳದೆ ಇರೋಣವೆಂದರೆ ಎರಡು ವರ್ಷದಿಂದ ಮಲಗಿ ನಿದ್ದೆ ಮಾಡಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಭುಜದಲ್ಲಿ ಕೆಂಡ ಇಟ್ಟ ಹಾಗಾಗುತ್ತದೆ, ಗೋಡೆಗೆ ಒರಗಿ ಕೂತೇ ಕಣ್ಣು ಮುಚ್ಚುತ್ತೇನೆ. ರೋಣದಿಂದ ಗಜೇಂದ್ರಗಡದವರೆಗೆ ಮದುವೆಯಾದವರೆಲ್ಲ ನನ್ನ ಗಾದಿಯ ಮೇಲೆ ಮಲಗುತ್ತಾರೆ, ಗಾದಿ ಮಾಡಿದವನು ಕೂತಿರುತ್ತಾನೆ.

ನೋವು ತಡೆಯಲು ಎರಡು ದಾರಿ ಇವೆ ಎಂದರಲ್ಲ, ಕುತ್ತಿಗೆಗೆ ಸೂಜಿ ಹಾಕಿ ಕೈಯನ್ನೇ ಮರಗಟ್ಟಿಸುವುದು ಒಂದು, ಸಲಾಯಿನಿನಲ್ಲಿ ಔಷಧ ಬಿಡುವುದು ಇನ್ನೊಂದು. ಯಾವುದು ಹೇಗಿದೆ ಎಂದು ಮಾಡಿಸಿಕೊಂಡವರು ಹೇಳಿದರೆ ಮಾತ್ರ ನಂಬುತ್ತೇನೆ. ಇದ್ದದ್ದು ಇದ್ದ ಹಾಗೆ ಬರೆಯಿರಿ. ಫೋನು ಬೇಡ, ಎಸ್‌ಟಿಡಿ ಅಂಗಡಿಯಲ್ಲಿ ನಾಲ್ಕು ಮಂದಿಯ ನಡುವೆ ನಿಂತು ನೋವಿನ ಸುದ್ದಿ ಕೂಗುವುದು ನನ್ನಿಂದಾಗದು.

ನಿಮ್ಮ
ಗೌಸುಸಾಬ ನದಾಫ


ಹುಬ್ಬಳ್ಳಿ, ದವಾಖಾನೆ
೩೦ ಜನವರಿ ೨೦೦೪

ಗೌಸುಸಾಬ ಅವರಿಗೆ ಶರಣು.

ನಿನ್ನೆ ಆಪರೇಷನ್ ಆಯಿತು. ಈ ಪತ್ರವನ್ನು ಹಾಸಿಗೆಯಲ್ಲಿ ಕೂತು ನಾನೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನನ್ನ ಸ್ಥಿತಿ ತಿಳಿದುಕೊಳ್ಳಿ. ನೋವು ಎಂಬುದೇ ಇಲ್ಲ.

ನಾನು ಕುತ್ತಿಗೆಯ ಸೂಜಿಯನ್ನು ಆರಿಸಿಕೊಂಡೆ. ಅಲ್ಲೊಂದು ಸಣ್ಣ ನಳಿಗೆ ಬಿಟ್ಟು ಔಷಧ ಹರಿಸುತ್ತಿದ್ದಾರೆ. ಎಡಗೈ ಜೋಳಿಗೆಯಲ್ಲಿ ಮಲಗಿದೆ. ಬೆರಳು ಚಿವುಟಿದರೆ ಯಾರದೋ ಬೆರಳು ಚಿವುಟಿದಂತಿದೆ. ಎಡಗಣ್ಣಿನ ರೆಪ್ಪೆ ತುಸು ಇಳಿದಿದೆ, ದನಿ ಸ್ವಲ್ಪ ಕೂತಿದೆ. ಇದು ಸೂಜಿಯ ಗುಣ, ಔಷಧ ಇಳಿದ ಮೇಲೆ ಸರಿಹೋಗುತ್ತದೆ ಎಂದರು ಡಾಕ್ಟರು.

ಎದುರಿನ ಮಂಚದಲ್ಲಿ ಹೊಳೆಆಲೂರಿನ ಹುಚ್ಚಪ್ಪ ಎಂಬ ರೈತನಿದ್ದಾನೆ. ಅವನಿಗೂ ಭುಜದ್ದೇ. ಅವನು ಸಲಾಯಿನ್ ದಾರಿ ಹಿಡಿದವನು. ಔಷಧ ಬಿಟ್ಟಾಗ ಮಲಗುತ್ತಾನೆ, ಇಳಿದಾಗ ನರಳುತ್ತಾನೆ, ನಡುವೆ ವಾಂತಿ ಮಾಡಿಕೊಳ್ಳುತ್ತಾನೆ. ಪರೀಕ್ಷೆಯ ಭಾಷೆಯಲ್ಲಿ ಹೇಳುವುದಾದರೆ ಸೂಜಿ ಫಸ್ಟ್ ಕ್ಲಾಸು, ಸಲಾಯಿನ್ ಕಷ್ಟಪಟ್ಟು ಪಾಸು. ನರ್ಸಮ್ಮ ನನಗೂ ಗುಳಿಗೆ ತರುತ್ತಾಳೆ. ನೋವೇ ಇಲ್ಲದವನಿಗೆ ಗುಳಿಗೆ ಯಾಕೆ?

ಮೂವತ್ತು ವರ್ಷ ಸಾಲೆಯ ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟವನು ನಾನು. ಮೊಣಕಾಲು ಕೆತ್ತಿಕೊಂಡು ಅತ್ತವನನ್ನು ಮತ್ತೊಂದು ಸುತ್ತು ಓಡಿಸುತ್ತಿದ್ದೆ. ನಿಮಗೂ ಅದೇ ಹೇಳುತ್ತೇನೆ. ಹೆದರಬೇಡಿ, ತಾರೀಖು ಗೊತ್ತುಮಾಡಿ.

ಅಂದಾನಪ್ಪ


ಗಜೇಂದ್ರಗಡ
೭ ಫೆಬ್ರವರಿ ೨೦೦೪

ಮಾಸ್ತರರಿಗೆ ಸಲಾಮು.

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಐದನೆಯ ಸಲ ನನ್ನ ಹೆಂಡತಿ ಮುಮತಾಜಬಿಗೆ ಓದಿ ಹೇಳಿದೆ. "ಅವರು ನಿಮ್ಮಂಗ ಅಳಬುರಕ ಅಲ್ಲ, ಮಾಸ್ತರು" ಎಂದಳು. ಎನ್ನಲಿ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಹುಬ್ಬಳ್ಳಿಗೆ ಹೋಗಿ ಮಾರ್ಚ್ ಎಂಟಕ್ಕೆ ಗೊತ್ತುಮಾಡಿಕೊಂಡು ಬಂದೆ. ಕುತ್ತಿಗೆಯ ಸೂಜಿಯೇ ಬೇಕು ಎಂದು ಗಟ್ಟಿಯಾಗಿ ಹೇಳಿದ್ದೇನೆ. ಈಗ ಮನೆಗೆ ಮರಳಿರಬೇಕು ನೀವು. ಕೈ ಹೇಗಿದೆ, ಸೂಜಿ ಇಳಿದ ಮೇಲೆ ಹೇಗಾಯಿತು, ಅದನ್ನೊಂದು ಬರೆಯಿರಿ. ಅಷ್ಟು ಓದಿದರೆ ಕುಣಿಯುತ್ತಲೇ ಹೋಗಿ ಮಂಚ ಏರುತ್ತೇನೆ.

ಗೌಸುಸಾಬ


ನರಗುಂದ
೨೪ ಫೆಬ್ರವರಿ ೨೦೦೪

ಗೌಸುಸಾಬ ಅವರಿಗೆ ಶರಣು.

ನಿಮ್ಮ ಪತ್ರ ಮುಟ್ಟಿತು. ತಡವಾಗಿ ಬರೆಯುತ್ತಿದ್ದೇನೆ, ಮನೆಯಲ್ಲಿ ಬಂದು ಹೋಗುವವರು ಹೆಚ್ಚು. ಹೊಲಿಗೆ ಬಿಚ್ಚಿದ್ದಾರೆ. ವ್ಯಾಯಾಮ ನಡೆದಿದೆ. ಎಲ್ಲ ಕ್ಷೇಮ. ಗೊತ್ತಾದ ತಾರೀಖಿಗೆ ತಪ್ಪದೆ ಹೋಗಿ ಮಾಡಿಸಿಕೊಳ್ಳಿರಿ.

ಅಂದಾನಪ್ಪ


ಗಜೇಂದ್ರಗಡ
೧ ಮಾರ್ಚ್ ೨೦೦೪

ಮಾಸ್ತರ,

ನಾನು ಗಾದಿಯನ್ನು ಮೇಲಿನಿಂದ ಒತ್ತಿ ನೋಡಿ ಒಳಗೆ ಅರಳೆ ಇದೆಯೋ ಚಿಂದಿ ಇದೆಯೋ ಹೇಳುವವನು. ನಿಮ್ಮ ಹೋದ ಪತ್ರದೊಳಗೆ ಅರಳೆ ಇಲ್ಲ. ಸೂಜಿ ಇಳಿದ ಮೇಲೆ ಏನಾಯಿತು ಎಂದು ಕೇಳಿದ್ದೆ. ಆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೀರಿ.

ಮೊನ್ನೆ ನಮ್ಮೂರ ಬಸ್ಸಿನ ಕಂಡಕ್ಟರ್ ಮೆಹಬೂಬಸುಭಾನಿ ಅಂಗಡಿಗೆ ಬಂದಿದ್ದ. ನರಗುಂದದಿಂದ ದವಾಖಾನೆಗೆ ನಿಮ್ಮನ್ನು ನೋಡಲು ಹೋದವರು ಅವನ ಬಸ್ಸಿನಲ್ಲಿ ರೋಣದ ತನಕ ಇದನ್ನೇ ಮಾತಾಡಿದರಂತೆ. "ಮಾಸ್ತರಗ ಎಡಗಡೆ ಲಕ್ವಾ ಹೊಡದೈತಂತ ಕಾಕಾ. ಕೈ ಬಿದ್ದೈತಿ, ಕಣ್ಣರೆಪ್ಪಿ ಇಳದೈತಿ, ದನಿ ಕುಂತೈತಿ. ಸೂಜಿ ಹಾಕಿದ ಮ್ಯಾಲೆ ಹಿಂಗಾತಂತ" ಎಂದ. ಇದೆಲ್ಲ ನಿಮ್ಮ ಪತ್ರದಲ್ಲೇ ಇದೆ. ತೆಗೆದು ಓದಿಕೊಂಡೆ. ಕೈ, ರೆಪ್ಪೆ, ದನಿ, ಮೂರೂ ಇವೆ.

ತಾರೀಖು ಬೇಡವೆಂದು ಹುಬ್ಬಳ್ಳಿಗೆ ಫೋನು ಮಾಡಿ ಹೇಳಿಬಿಟ್ಟೆ. ಮುಮತಾಜಬಿ ಅಂದಿನಿಂದ ಮಾತು ಬಿಟ್ಟಿದ್ದಾಳೆ, ರೊಟ್ಟಿ ತಟ್ಟೆಗೆ ಹಾಕಿ ಒಳಗೆ ಹೋಗುತ್ತಾಳೆ.

ನಾನೇ ಬಂದು ನೋಡಬಹುದಿತ್ತು. ಬಸ್ಸಿನ ಕುಲುಕಾಟ ಈ ಭುಜಕ್ಕೆ ಆಗದು ಎಂದು ಮನೆಯಲ್ಲಿ ಹೇಳಿದ್ದೇನೆ. ಖರೇ ಹೇಳಬೇಕೆಂದರೆ ನಿಮ್ಮನ್ನು ಆ ಸ್ಥಿತಿಯಲ್ಲಿ ನೋಡಲು ಹೆದರಿಕೆ. ಬಾಕಿನ ಮೇಲೆ ಒಂದು ಮುಂಜಾನೆ ಜೊತೆಗೆ ಕೂತವರು ನೀವು, ಆದರೂ ಎರಡು ದಿನದಿಂದ ಅನ್ನ ಸೇರುತ್ತಿಲ್ಲ. ಬಲಗೈಯಿಂದ ಒಂದು ಸಾಲು ಬರೆಯಿರಿ, ಎಡಗೈ ಇದೆಯೋ ಇಲ್ಲವೋ.

ಗೌಸುಸಾಬ


ನರಗುಂದ
೫ ಮಾರ್ಚ್ ೨೦೦೪

ಪ್ರೀತಿಯ ಗೌಸುಸಾಬ,

ಎಡಗೈ ಇದೆ. ಈ ಹಾಳೆಯನ್ನು ಸರಿಯದಂತೆ ಒತ್ತಿ ಹಿಡಿದಿರುವುದು ಅದೇ. ಲಕ್ವಾ ಹೊಡೆದಿಲ್ಲ. ರೆಪ್ಪೆ ಏರಿದೆ, ದನಿ ಬಂದಿದೆ. ಬೇಕಾದರೆ ಮೆಹಬೂಬಸುಭಾನಿಯನ್ನು ನಮ್ಮ ಮನೆಗೆ ಕಳಿಸಿ, ಬಾಗಿಲಲ್ಲಿ ನಿಂತು ಅವನಿಗೊಂದು ಪರೇಡು ಮಾಡಿಸುತ್ತೇನೆ.

ನೀವು ಒತ್ತಿ ನೋಡಿದ್ದು ಮಾತ್ರ ಸರಿ. ಒಂದು ಸಂಗತಿ ಮುಚ್ಚಿಟ್ಟಿದ್ದೆ. ಬರೆದರೆ ನೀವು ಹೆದರಿ ಹಿಂದೆ ಸರಿಯುತ್ತೀರಿ ಎಂದು ನೀಲವ್ವನ ಮುಂದೆ ಹೇಳಿಕೊಂಡೆ. ಅದು ನೆವ. ಬರೆಯಲು ನಾಚಿಕೆಯಾಗಿತ್ತು.

ನಾನು ಲಿಂಗ ಕಟ್ಟಿದವನು. ಮುಂಜಾನೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿದ ಹೊರತು ಹನಿ ನೀರು ಬಾಯಿಗೆ ಹಾಕುವುದಿಲ್ಲ. ಆಪರೇಷನ್ನಿಗೂ ಲಿಂಗವನ್ನು ಮೈಯಿಂದ ಬೇರೆ ಮಾಡಲಿಲ್ಲ, ಡಾಕ್ಟರು ಒಪ್ಪಿ ಬಲ ರಟ್ಟೆಗೆ ಕಟ್ಟಿಸಿದರು. ಆ ದಿನ, ಮರುದಿನ ಮನಸ್ಸಿನಲ್ಲೇ ಪೂಜೆ ಮಾಡಿಕೊಂಡೆ. ಎರಡನೆಯ ದಿನದ ಸಂಜೆ ಕುತ್ತಿಗೆಯ ನಳಿಗೆ ತೆಗೆದು, ಮುಂಜಾನೆಯ ಹೊತ್ತಿಗೆ ಕೈಗೆ ಎಚ್ಚರ ಬರುತ್ತದೆ ಎಂದರು. ನನಗೆ ಹಿಗ್ಗು. ನಾಳೆ ಲಿಂಗ ಅಂಗೈಗೆ ಬರುತ್ತದೆ ಎಂದುಕೊಂಡೆ.

ಮುಂಜಾನೆ ನರ್ಸಮ್ಮ ಗುಳಿಗೆ ತಂದಳು. "ಅಜ್ಜಾರ, ಕೈ ಎಚ್ಚರಾಗೂದಕಿಂತ ಮೊದಲ ನುಂಗ್ರಿ. ಆಮ್ಯಾಲೆ ನುಂಗಿದರ ಉಪಯೋಗ ಇಲ್ಲ" ಎಂದಳು. "ಪೂಜಿ ಆಗಲಿ ತಂಗಿ" ಎಂದು ತಲೆದಿಂಬಿನ ಕೆಳಗೆ ಇಟ್ಟೆ. ಗುಳಿಗೆ ನುಂಗಬೇಕಾದರೆ ಪೂಜೆಯಾಗಬೇಕು. ಪೂಜೆಯಾಗಬೇಕಾದರೆ ಅಂಗೈ ಎಚ್ಚರಾಗಬೇಕು. ಅಂಗೈ ಎಚ್ಚರಾದರೆ ಭುಜವೂ ಎಚ್ಚರಾಗುತ್ತದೆ ಎಂಬ ಲೆಕ್ಕ ಈ ಡ್ರಿಲ್ ಮಾಸ್ತರನ ತಲೆಗೆ ಹೊಳೆಯಲಿಲ್ಲ. ನೀಲವ್ವ ಎರಡು ಸಲ ಹೇಳಿದಳು. ಬಾಯಿ ಮುಚ್ಚಿಸಿದೆ.

ಮೊದಲು ಕಿರುಬೆರಳು ಜುಮ್ಮೆಂದಿತು. ನಾನು ನಗುತ್ತ ವಿಭೂತಿ ಕೊಡು ಎಂದೆ. ಅವಳು ಕೊಡುವುದರೊಳಗೆ ನೋವು ಬಂತು ಗೌಸುಸಾಬ. ಮೆಲ್ಲಗೆ ಬರಲಿಲ್ಲ, ಎರಡು ದಿನದ್ದೆಲ್ಲ ಒಮ್ಮೆಗೇ ಬಂತು. ಯವ್ವಾ ಎಂದು ಕೂಗಿದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನರ್ಸಮ್ಮ ಓಡಿಬಂದು, "ಹತ್ತರಾಗ ಎಷ್ಟು ನೋವು ಐತ್ರಿ" ಎಂದು ಕೇಳಿದಳು. ಅದು ಅವರ ಪದ್ಧತಿ. ಹತ್ತಕ್ಕೆ ಹತ್ತು ಕೊಟ್ಟೆ. ಮೂವತ್ತು ವರ್ಷದಲ್ಲಿ ಯಾವ ಹುಡುಗನಿಗೂ ಕೊಡದ ಅಂಕ.

ನೀರು ಹಿಡಿದು ಬಂದವನು ಯಾರು ಗೊತ್ತೇ, ಹೊಳೆಆಲೂರಿನ ಹುಚ್ಚಪ್ಪ. ನಾನು ಕಷ್ಟಪಟ್ಟು ಪಾಸು ಎಂದು ಬರೆದವನು ಆಗಲೇ ಎದ್ದು ಓಡಾಡುತ್ತಿದ್ದ. ನನ್ನ ಕಣ್ಣಲ್ಲಿ ನೀರು ಹರಿಯುತ್ತಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಪೂಜೆಗೆ ಮುಂಚೆ ಗುಳಿಗೆ ನುಂಗಿದೆ. ಇಂಜೆಕ್ಷನ್ನನ್ನೂ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ನೋವು ಹತ್ತರಿಂದ ನಾಲ್ಕಕ್ಕೆ ಇಳಿಯಿತು.

ಆಗಲೂ ನಾನು ಪೂಜೆಯಿಲ್ಲದೆ ಉಣ್ಣುವುದಿಲ್ಲ ಎಂದೆ. ಅಂಗೈ ತೆರೆಯುತ್ತಿತ್ತು, ಆದರೆ ನಡುಗುತ್ತಿತ್ತು, ಲಿಂಗದ ಭಾರ ತಡೆಯುತ್ತಿರಲಿಲ್ಲ. ನೀಲವ್ವ ಬಂದು ನನ್ನ ಎಡಗೈ ಕೆಳಗೆ ತನ್ನ ಕೈ ಕೊಟ್ಟಳು. "ನಿನ್ನ ಕೈ ಯಾಕ ನಡುವ" ಎಂದೆ. "ನಾನೂ ಲಿಂಗ ಕಟ್ಟೀನಿ. ಇದು ಬ್ಯಾರೆಯವರ ಕೈ ಅಲ್ಲ. ಸುಮ್ಮನ ಹಿಡೀರಿ" ಎಂದಳು. ಹಾಗೆಯೇ ಪೂಜೆಯಾಯಿತು. ಮೊದಲ ದಿನವೇ ಹಾಗೆ ಮಾಡಬಹುದಿತ್ತು. ಮದುವೆಯಾಗಿ ನಲವತ್ತು ವರ್ಷವಾದರೂ ಅವಳನ್ನು ಕೇಳಬೇಕು ಎಂದು ನನಗೆ ತೋಚಿರಲಿಲ್ಲ.

ಆದ್ದರಿಂದ ಇದ್ದದ್ದು ಇದ್ದ ಹಾಗೆ ಕೇಳಿ. ಸೂಜಿ ಒಳ್ಳೆಯದು. ಆದರೆ ಅದು ನೋವನ್ನು ತೆಗೆಯುವುದಿಲ್ಲ, ತಡೆದು ನಿಲ್ಲಿಸುತ್ತದೆ. ಅದು ಇಳಿಯುವ ಮೊದಲು ಗುಳಿಗೆ ಒಳಗಿರಬೇಕು. ಆ ಮಧ್ಯಾಹ್ನದಿಂದ ಹೊತ್ತಿಗೆ ಸರಿಯಾಗಿ ನುಂಗಿದೆ, ಮತ್ತೆ ಕೂಗಲಿಲ್ಲ. ನಾನು ಅತ್ತದ್ದನ್ನು ಮುಮತಾಜಬಿಯವರಿಗೆ ಓದಿ ಹೇಳಬೇಡಿ.

ನಿಮ್ಮ
ಅಂದಾನಪ್ಪ


ಗಜೇಂದ್ರಗಡ
೨೨ ಮಾರ್ಚ್ ೨೦೦೪

ಅಂದಾನಪ್ಪಣ್ಣಾರಿಗೆ ಸಲಾಮು.

ಮೊದಲ ಕೆಲಸವೇ ಓದಿ ಹೇಳಿದೆ. ನೀವು ಅತ್ತಿರಿ ಎಂದ ಕೂಡಲೇ ಮುಮತಾಜಬಿ ಮಾತು ಶುರುಮಾಡಿದಳು. "ಚಲೋ ಮನಷಾ ಅದಾರ" ಎಂದಳು. ಹೋದ ಸಲ ಹಾಗೆ ಅಂದಿರಲಿಲ್ಲ.

ಹತ್ತಕ್ಕೆ ಹತ್ತು ಎಂದು ಓದಿ ನನಗೆ ಇನ್ನೂ ಹೆದರಿಕೆಯಾಗಬೇಕಿತ್ತು. ಆದದ್ದು ಸಮಾಧಾನ. ಇಷ್ಟು ದಿನ ಆ ನೋವು ಎಷ್ಟಿದೆ, ಎಲ್ಲಿಯವರೆಗೆ ಇದೆ ಎಂದು ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಮುಂಜಾನೆ ಬಂದು ಮಧ್ಯಾಹ್ನಕ್ಕೆ ಇಳಿದು ಹೋಗುವಂಥದ್ದು, ಅದೂ ಗುಳಿಗೆ ದಿಂಬಿನ ಕೆಳಗಿಟ್ಟವರಿಗೆ. ನನ್ನಣ್ಣನಿಗೆ ಆ ಕಾಲದಲ್ಲಿ ಗುಳಿಗೆ ಕೊಟ್ಟಿದ್ದರೋ ಇಲ್ಲವೋ.

ಏಪ್ರಿಲ್ ಹನ್ನೆರಡಕ್ಕೆ ಮತ್ತೆ ಗೊತ್ತಾಗಿದೆ. ಹೋಗಿ ಎದೆಯ ಫೋಟೋ ತೆಗೆಸಿ, ಉಸಿರು ಊದಿಸಿ ನೋಡಿಸಿಕೊಂಡು ಬಂದೆ. ಎಲ್ಲ ಬಗೆಹರಿದಿದೆ. ನನ್ನ ಚಿಂತೆ ಬಿಡಿ. ನೀಲವ್ವಕ್ಕನವರ ಕೈಗೆ ನನ್ನ ಸಲಾಮು ಹೇಳಿ.

ಗೌಸುಸಾಬ


ನರಗುಂದ
೩೧ ಮಾರ್ಚ್ ೨೦೦೪

ಪ್ರೀತಿಯ ಗೌಸುಸಾಬ,

ಓದಿ ಬಹಳ ಸಂತೋಷವಾಯಿತು. ಈಗ ನನ್ನ ಆಜ್ಞೆಗಳನ್ನು ಕೇಳಿ. ಕುತ್ತಿಗೆಗೆ ಸೂಜಿ ಹಾಕುವಾಗ ಅಲುಗಾಡಬೇಡಿ. ರೆಪ್ಪೆ ಇಳಿದರೆ ಕನ್ನಡಿ ಕೇಳಬೇಡಿ. ನಳಿಗೆ ತೆಗೆದ ಕೂಡಲೇ ಗುಳಿಗೆಗೆ ನೀವೇ ಕೈ ಚಾಚಿ. ನಮಾಜಿನ ಹೊತ್ತು, ಊಟದ ಹೊತ್ತು ಎಂದು ಮುಂದೂಡಿದರೆ ನಾನು ಕೂಗಿದ್ದಕ್ಕೆ ಅರ್ಥವೇ ಇರುವುದಿಲ್ಲ. ಕೈ ಎಚ್ಚರಾಗುವ ಮೊದಲು, ನೆನಪಿರಲಿ.

ನನ್ನ ತೋಳು ಈಗ ಮೀಸೆಯವರೆಗೆ ಏರುತ್ತದೆ. ನೀಲವ್ವ ದಿನಾಲೂ ಪೂಜೆಗೆ ಬಂದು ಕೂಡುತ್ತಾಳೆ. ಆಸರೆ ಬೇಕಾಗಿಲ್ಲ ಎಂದು ಇನ್ನೂ ಹೇಳಿಲ್ಲ.

ನಿಮ್ಮ
ಅಂದಾನಪ್ಪ


ಗಜೇಂದ್ರಗಡ
೨೬ ಏಪ್ರಿಲ್ ೨೦೦೪

ಅಂದಾನಪ್ಪಣ್ಣಾರಿಗೆ ಸಲಾಮು.

ಬಲಗೈ ಜೋಳಿಗೆಯಲ್ಲಿದೆ. ನಾನು ಹೇಳುತ್ತೇನೆ, ಮಗಳು ನಾಜಮೀನ ಬರೆಯುತ್ತಾಳೆ. ನನ್ನ ಮಾತನ್ನು ಸಾಲೆಯ ಕನ್ನಡಕ್ಕೆ ತಿದ್ದಿ ಬರೆಯುತ್ತಾಳೆ, ಬಯ್ದರೂ ಕೇಳುವುದಿಲ್ಲ.

ಆಪರೇಷನ್ ಆಯಿತು, ಮನೆಗೆ ಬಂದೆ, ಚೆನ್ನಾಗಿದ್ದೇನೆ. ಇನ್ನು ನನ್ನ ಚಿಂದಿ ಬಿಚ್ಚುತ್ತೇನೆ. ನನಗೆ ಕುತ್ತಿಗೆಯ ಸೂಜಿ ಹಾಕಲಿಲ್ಲ. ಹಾಕುವುದಿಲ್ಲ ಎಂದು ಮಾರ್ಚಿನಲ್ಲೇ ಗೊತ್ತಿತ್ತು. ಎದೆಯ ಫೋಟೋ ನೋಡಿ ಡಾಕ್ಟರು, "ಅರಳಿ ಧೂಳು ಕುಡದು ಕುಡದು ನಿಮ್ಮ ಪುಪ್ಪುಸ ಸೋತಾವು. ಆ ಸೂಜಿ ಒಂದು ಬಾಜೂದ ಉಸರು ಅರ್ಧಾ ಮಾಡತೈತಿ. ಮಾಸ್ತರಿಗೆ ನಡೀತು, ನಿಮಗ ನಡಿಯಂಗಿಲ್ಲ" ಎಂದಿದ್ದರು. ನಾನು ಕಟ್ಟಿಕೊಂಡ ಧೈರ್ಯವೆಲ್ಲ ಆ ಸೂಜಿಯ ಮೇಲೆಯೇ ಇತ್ತು. ಹೊರಗೆ ಬಂದು ನಮ್ಮ ಬಾಕಿನ ಮೇಲೆ ಕೂತೆ. ಎದ್ದು ಮನೆಗೆ ಬಂದುಬಿಡುವ ಮನಸ್ಸಾಗಿತ್ತು. ನೀವು ಕೂಗಿದ್ದು, ಕೂಗಿಯೂ ಮಧ್ಯಾಹ್ನಕ್ಕೆ ಪೂಜೆಗೆ ಕೂತದ್ದು ನೆನಪಾಯಿತು. ಒಳಗೆ ಹೋಗಿ ಆಗಲಿ ಎಂದೆ.

ನಿಮಗೆ ಬರೆಯಲಿಲ್ಲ. ನಾಚಿಕೆ ಬಿಟ್ಟು ಅಷ್ಟು ದೊಡ್ಡ ಪತ್ರ ಬರೆದಿದ್ದಿರಿ, ಅದು ನನಗೆ ಉಪಯೋಗವಿಲ್ಲ ಎಂದು ಹೇಗೆ ಹೇಳಲಿ? ನಿಮ್ಮ ಆಜ್ಞೆಯ ಪತ್ರ ಬಂದಾಗ ಮುಮತಾಜಬಿ ನಕ್ಕಳು, ನಾನು ತಲೆ ತಗ್ಗಿಸಿದೆ.

ಈಗ ಹೋಲಿಸೋಣ. ಭುಜ ಹೊಲಿಯುವ ಮೊದಲು ಒಳಗೇ ಒಂದಿಷ್ಟು ಔಷಧ ಚುಚ್ಚಿದ್ದರಂತೆ. ಸಲಾಯಿನಿನಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟರು, ಎದೆ ಸೋತವನಿಗೆ ಅದನ್ನೂ ಹೆಚ್ಚು ಕೊಡಬಾರದು ಎಂದು ನರ್ಸಮ್ಮ ಉಸಿರು ಎಣಿಸುತ್ತಿದ್ದಳು. ಭುಜಕ್ಕೆ ಬರ್ಫದ ಚೀಲ, ಹೊತ್ತಿಗೆ ಸರಿಯಾಗಿ ಗುಳಿಗೆ. ನಿಮ್ಮ ನೋವು ಮುಚ್ಚಿದ ಬಾಗಿಲು ಒಮ್ಮೆಲೇ ತೆರೆದಂತೆ ಬಂತು. ನನ್ನ ಬಾಗಿಲು ಮೊದಲಿನಿಂದ ಅರ್ಧ ತೆರೆದೇ ಇತ್ತು. ನೋವು ಬಂತು, ಹೋಯಿತು, ಮತ್ತೆ ಬಂತು. ಹೊಟ್ಟೆ ತೊಳೆಸಿತು, ಮೈಯೆಲ್ಲ ತುರಿಸಿತು, ಹಗಲೇ ಕನಸು ಬಿದ್ದವು. ಹತ್ತರಲ್ಲಿ ಎಷ್ಟು ಎಂದಾಗ ನಾನು ಆರರ ಮೇಲೆ ಹೋಗಲಿಲ್ಲ. ಹುಬ್ಬು ಗಂಟಿಕ್ಕಬೇಡಿ, ಮಾಸ್ತರಿಗಿಂತ ಜಾಸ್ತಿ ಅಂಕ ತೆಗೆದುಕೊಳ್ಳಬಾರದು ಎಂಬ ಮರ್ಯಾದೆಯೂ ಇತ್ತು.

ಒಂದು ಮಾತು ಮಾತ್ರ ನಿಮ್ಮದೇ ನಡೆಸಿದೆ. ಗುಳಿಗೆಗೆ ನಾನೇ ಕೈ ಚಾಚಿದೆ. "ಇನ್ನೂ ಹೊತ್ತಾಗಿಲ್ರಿ" ಎಂದು ನರ್ಸಮ್ಮನೇ ಬಯ್ಯುವ ತನಕ ಚಾಚಿದೆ.

ಹಳೆಯ ನೋವು ಪೂರ್ತಿ ಹೋಗಿದೆ, ಕೊಯ್ದ ನೋವು ದಿನಾ ಕಡಿಮೆಯಾಗುತ್ತಿದೆ. ಆದರೆ ಚಪ್ಪಟೆ ಮಲಗಲು ಡಾಕ್ಟರ ಅಪ್ಪಣೆ ಇಲ್ಲ, ನನಗೂ ಧೈರ್ಯ ಇಲ್ಲ. ಗೋಡೆ ಬಿಟ್ಟಿಲ್ಲ.

ಗೌಸುಸಾಬ


ನರಗುಂದ
೪ ಮೇ ೨೦೦೪

ಪ್ರೀತಿಯ ಗೌಸುಸಾಬ,

ಪತ್ರ ಓದಿ ಮೊದಲು ಸಿಟ್ಟು ಬಂತು. ನೀಲವ್ವನಿಗೆ ಓದಿ ಹೇಳಿದೆ. "ನೀವು ಮುಚ್ಚಿಟ್ಟರ ನಾಚಿಕಿ, ಅವರು ಮುಚ್ಚಿಟ್ಟರ ತಪ್ಪೇನು?" ಎಂದಳು. ಸಿಟ್ಟು ಇಳಿಯಿತು. ಸೂಜಿಗೆ ಫಸ್ಟ್ ಕ್ಲಾಸು, ಸಲಾಯಿನಿಗೆ ಪಾಸು ಎಂದು ಬರೆದಿದ್ದೆನಲ್ಲ, ಆ ಫಲಿತಾಂಶವನ್ನು ರದ್ದು ಮಾಡುತ್ತೇನೆ. ಅವರವರ ಮೈಗೆ ತಕ್ಕಂತೆ ಡಾಕ್ಟರು ಕೊಟ್ಟದ್ದೇ ಸರಿ. ನೀವು ಗೆದ್ದಿರಿ ಎಂಬ ಸಮಾಧಾನ ನನಗೆ ಎಷ್ಟಾಗಿದೆ ಎಂದು ಬರೆಯಲು ಬರುವುದಿಲ್ಲ.

ಡಾಕ್ಟರು ಅಪ್ಪಣೆ ಕೊಟ್ಟ ದಿನ ಮಲಗಿ, ಎದ್ದು ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

ನಿಮ್ಮ
ಅಂದಾನಪ್ಪ


ಗಜೇಂದ್ರಗಡ
೧೧ ಜುಲೈ ೨೦೦೪

ಅಂದಾನಪ್ಪಣ್ಣಾರಿಗೆ, ನೀಲವ್ವಕ್ಕಗ ಮುಮತಾಜಬಿ ಸಲಾಮು.

ನಾಜಮೀನ ಬರಿಯಾಕತ್ಯಾಳ. ನಾ ಹೇಳಿದ್ದು ಹೇಳಿದಂಗ ಬರಿ, ತಿದ್ದಬ್ಯಾಡ ಅಂತ ಹೇಳೀನಿ.

ಡಾಕ್ಟರು ಹೋದ ವಾರಽ ಮಲಗಬಹುದು ಅಂದಿದ್ರು. ಇವರು ಹೆದರಿ ಗ್ವಾಡಿ ಬಿಟ್ಟಿರಲಿಲ್ಲ. ಇವತ್ತ ಮಧ್ಯಾಹ್ನ ಉಂಡು, "ಮಾಸ್ತರಿಗೆ ಪತ್ರ ಬರಸೂದೈತಿ, ನಾಜಮೀನ್ನ ಕರಿ" ಅಂದ್ರು. ಆಕಿ ಹಾಳಿ ಪೆನ್ನು ತರೂದ್ರಾಗ ಗಾದಿ ಮ್ಯಾಲೆ ಅಡ್ಡಾದ್ರು. ಒರಗಲಿಲ್ರಿ, ಅಂಗಾತ ಮಲಗಿದ್ರು. ಈಗ ಚೀರ್ಯಾರು, ಆಗ ಎದ್ದಾರು ಅಂತ ನಾ ನೋಡಕೋತ ನಿಂತೆ. ಏಳಲಿಲ್ಲ. ಗೊರಕಿ ಹತ್ತಿತು.

ಅಸೂಟಿಯಿಂದ ಗಾದಿ ಒಯ್ಯಾಕ ಗಿರಾಕಿ ಬಂದು ಬಾಗಲದಾಗ ಕೂಗಿದ. ನಾ ಹೊರಗ ಹೋಗಿ, "ನಾಳೆ ಬಾರಪಾ, ಒಳಗ ಮಲಗ್ಯಾರ" ಅಂದೆ. ಎರಡು ವರ್ಷ ಆದ ಮ್ಯಾಲೆ ಈ ಮಾತು ನನ್ನ ಬಾಯಿಗೆ ಬಂತು ನೋಡ್ರಿ. ಎಬ್ಬಸ್ರಿ ಅಂತ ಅವ ಹೇಳಿದ್ರೂ ಎಬ್ಬಿಸಲಿಲ್ಲ. ಅದಕ್ಕಽ ನಾ ಬರಸಾಕತ್ತೀನಿ. ಹೊತ್ತು ಮುಣಗಾಕ ಬಂತು, ಇನ್ನೂ ಎದ್ದಿಲ್ಲ.

ನೀವು ನೋವು ಮುಚ್ಚಿಟ್ರಿ, ಇವರು ಸೂಜಿ ಮುಚ್ಚಿಟ್ರು. ನಂದೂ ಒಂದು ಐತ್ರಿ ಅಣ್ಣಾರ. ಇವರು ಕುಂತು ನಿದ್ದಿ ಮಾಡೂದು ನೋಡಿ ನನಗ ಕಾಲು ಚಾಚಿ ಮಲಗಾಕ ಮನಸ್ಸು ಆಗತಿರಲಿಲ್ಲ. ಇವರ ಕಣ್ಣು ಹತ್ತಿದ ಮ್ಯಾಲೆ ನಾನೂ ಎದ್ದು ಬಾಜೂಕ ಗ್ವಾಡಿಗಿ ಒರಗಿ ಕೂಡತಿದ್ದೆ. ಇವರು ಏಳೂದಕಿಂತ ಮೊದಲ ಹಾಸಿಗಿಗೆ ಹೋಗಿ ಬಿಡತಿದ್ದೆ. ಇವರಿಗೆ ಗೊತ್ತಿಲ್ಲ. ನಾಜಮೀನಗೂ ಗೊತ್ತಿರಲಿಲ್ಲ, ಬರಿಯೂದು ಬಿಟ್ಟು ನನ್ನ ಮಾರಿ ನೋಡಾಕತ್ಯಾಳ. ನೀವು ಇವರಿಗೆ ಬರೀಬ್ಯಾಡ್ರಿ.

ಪತ್ರ ಇಲ್ಲಿಗೆ ಬಿಡತೀನ್ರಿ. ನನಗೂ ಭಾಳ ನಿದ್ದಿ ಬಂದೈತಿ. ಇವರ ಬಾಜೂಕ ಜಾಗಾ ಐತಿ, ಹೋಗಿ ಮಲಗತೀನಿ.